ಉದ್ಯೋಗಸ್ಥ ತರುಣಿಯರೂ ಬರೆಯದ ಕಾನೂನೂ

ಮೊನ್ನೆ ನಮ್ಮ ಕಚೇರಿಗೆ ಬಹುಕಾಲದ ಮಿತ್ರರೊಬ್ಬರು ದಯಮಾಡಿಸಿದ್ದರು. ತಹಶೀಲ್ದಾರರಾಗಿದ್ದು ವಿಶ್ರಾಂತಿ ಪಡೆದವರು. ಕಾಗದಪತ್ರದ ವ್ಯವಹಾರದಲ್ಲಿ ನುರಿತವರು. ಜೊತೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆಯನ್ನು ಪ್ರಥಮ ವರ್ಗದಲ್ಲಿ ಮುಗಿಸಿದ ಅವರ ಮಗಳೂ ಇದ್ದಳು. ಬೆಂಗಳೂರಿನ ಒಂದು ಕಂಪನಿಯವರು ಆಕೆಯನ್ನು ಸಂದರ್ಶನಕ್ಕೆ ಕರೆದು ಅರ್ಧ ಗಂಟೆಯ ಕಾಲ ಶಾಸ್ತ್ರವಿಷಯದಲ್ಲಿ ಪ್ರಶ್ನೆಗಳನ್ನು ಕೇಳಿದರಂತೆ. ಎಲ್ಲಕ್ಕೂ ಸಮರ್ಪಕವಾದ ಉತ್ತರ ದೊರೆಯಿತು. ಕಡೆಗೆ ಹಿರಿಯರೊಬ್ಬರು ನಗುನಗುತ್ತ, "ಮದುವೆಯ ಯೋಚನೆ ಏನಾದರೂ ಇದೆಯೇನಮ್ಮ? ಆಮೇಲೆ ಊರು ಬಿಡುವುದಾಗುತ್ತದೋ ಏನೋ?" ಎಂದರಂತೆ. ಆ ಹುಡುಗಿ ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದಳು. ಕೆಲಸವು ಬೇರೊಬ್ಬರ ಪಾಲಾಯಿತು. "ಕಾರಣವನ್ನು ಯಾರೂ ಬರೆದು ಕೊಟ್ಟಿಲ್ಲ, ಯಾರ ಮೇಲೆ, ಏನೆಂದು ದೂರು ಕೊಡೋಣ ಹೇಳಿ" ಎಂದು ನಮ್ಮ ಮಿತ್ರರು ಕೇಳಿದರು. ಆ ಕ್ಷಣದಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ.

ಕಾಗದದ ಮೇಲೆ ನೋಡಿದರೆ ಯಾವ ಕೊರತೆಯೂ ಕಾಣದು. ಸರ್ಕಾರಿ ಉದ್ಯೋಗದಲ್ಲಿ ಸ್ತ್ರೀಯೆಂಬ ಕಾರಣದಿಂದ ಭೇದವೆಣಿಸಕೂಡದೆಂದು ರಾಜ್ಯಾಂಗದ 16ನೆಯ ಅನುಚ್ಛೇದವು ವಿಧಿಸಿದೆ. ಸಮಾನವಾದ ಕೆಲಸಕ್ಕೆ ಸಮಾನವಾದ ವೇತನವು ಸಲ್ಲಬೇಕೆಂದು 39ನೆಯ ಅನುಚ್ಛೇದವು ಸರ್ಕಾರಕ್ಕೆ ನಿರ್ದೇಶನ ಮಾಡಿದೆ. ಆ ತತ್ತ್ವವು 1976ರಲ್ಲಿ ಶಾಸನವಾಗಿ, ಬಳಿಕ 2019ರ ವೇತನ ಸಂಹಿತೆಯಲ್ಲಿ ಅಡಕವಾಯಿತು. ಇಷ್ಟೆಲ್ಲ ಇದ್ದೂ ಓದಿನಲ್ಲಿ ಹುಡುಗರನ್ನು ಹಿಂದಿಕ್ಕಿದ ಹೆಣ್ಣುಮಕ್ಕಳು ಕಚೇರಿಯ ಹೊಸ್ತಿಲನ್ನು ದಾಟಿದ ಕೆಲವೇ ವರ್ಷಗಳಲ್ಲಿ ಹಿಂದೆ ಬೀಳುವರೆಂದರೆ, ಅದಕ್ಕೆ ಅವರ ಬುದ್ಧಿಶಕ್ತಿಯನ್ನು ಕಾರಣವೆನ್ನಲು ಯಾವ ವಿಚಾರವಂತನೂ ಧೈರ್ಯಮಾಡಲಾರನು. ಕಾರಣವನ್ನು ಬೇರೆಲ್ಲಿಯೋ ಹುಡುಕಬೇಕು.

ಈ ಸಂದರ್ಭದಲ್ಲಿ ನಮಗೆ ನೆನಪಾಗುವವರು ಕೊಡಗಿನ ಶ್ರೀಮತಿ ಸಿ. ಬಿ. ಮುತ್ತಮ್ಮನವರು. 1924ರಲ್ಲಿ ವಿರಾಜಪೇಟೆಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ಪಿತೃವಿಯೋಗವನ್ನನುಭವಿಸಿ, ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ವ್ಯಾಸಂಗಮಾಡಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ ಅವರು. ಸಂದರ್ಶನದ ಕಾಲದಲ್ಲಿ ಲೋಕಸೇವಾ ಆಯೋಗದ ಅಧ್ಯಕ್ಷರೇ ಈ ಸೇವೆ ಬೇಡವೆಂದು ತಮ್ಮ ಮನವೊಲಿಸಲು ನೋಡಿದರೆಂದೂ, ತಮಗೆ ಅತ್ಯಲ್ಪ ಅಂಕಗಳು ಬರುವಂತೆ ತಾವೇ ಪ್ರಭಾವ ಬೀರಿದುದಾಗಿ ಅದೇ ಅಧ್ಯಕ್ಷರು ಮುಂದೊಮ್ಮೆ ಬಾಯಾರೆ ಹೇಳಿದರೆಂದೂ ಅವರು ತಮ್ಮ ನ್ಯಾಯಾಲಯದ ಅರ್ಜಿಯಲ್ಲಿ ನಮೂದಿಸಿದ್ದಾರೆ. ಸೇವೆಗೆ ಸೇರುವಾಗ, ಮದುವೆಯಾದಲ್ಲಿ ರಾಜೀನಾಮೆ ಕೊಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಅದೇ ವರ್ಷ ಅದೇ ಸೇವೆಗೆ ಸೇರಿದ ಗಂಡಸರಾರಿಂದಲೂ ಇಂಥ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳುವ ಮಾತೇ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1961ರಲ್ಲಿ ಈ ಪದ್ಧತಿಯು ನಿಯಮಾವಳಿಯ ರೂಪವನ್ನೇ ತಳೆಯಿತು. ಮಹಿಳಾ ಅಧಿಕಾರಿಯು ಮದುವೆಗೆ ಮೊದಲು ಸರ್ಕಾರದ ಲಿಖಿತ ಅಪ್ಪಣೆಯನ್ನು ಪಡೆಯತಕ್ಕದ್ದು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಬಾಧಕವೆಂದು ಸರ್ಕಾರಕ್ಕೆ ಮನವರಿಕೆಯಾದರೆ ಆಕೆಯಿಂದ ರಾಜೀನಾಮೆಯನ್ನು ಕೇಳಬಹುದು. ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ವಾಚಕರು ವರ್ಷವನ್ನು ಗಮನಿಸಬೇಕು. ಇದನ್ನು ಬರೆದವರು ಆಂಗ್ಲ ಪ್ರಭುಗಳಲ್ಲ. ಅವರು ಹಡಗು ಹತ್ತಿ 14 ವರ್ಷಗಳಾಗಿದ್ದವು. ಸಮಾನತೆಯ ರಾಜ್ಯಾಂಗವು ಜಾರಿಗೆ ಬಂದು 11 ವರ್ಷಗಳು ಕಳೆದಿದ್ದವು. ಸ್ವರಾಜ್ಯದ ಕಚೇರಿಯಲ್ಲಿ ಕುಳಿತು ನಮ್ಮವರೇ ನಮ್ಮ ಹೆಣ್ಣುಮಕ್ಕಳಿಗೆ ತೊಡಿಸಿದ ಸಂಕೋಲೆ ಅದು.

ಮುತ್ತಮ್ಮನವರು 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೆ ಸೇವೆಯ ಮೊದಲನೆಯ ದರ್ಜೆಗೆ ಬಡ್ತಿಯ ಪ್ರಸ್ತಾಪ ಬಂದಾಗ ಅರ್ಹತೆ ಸಾಲದೆಂದು ಅವರನ್ನು ಬಿಟ್ಟು ಕಿರಿಯರನ್ನು ಮೇಲೇರಿಸಲಾಯಿತು. ಆಕೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರಕ್ಕೆ ಹಠಾತ್ತಾಗಿ ಅವರ ಅರ್ಹತೆಯು ಗೋಚರಿಸಿ ಬಡ್ತಿಯೂ ಬಂದಿತು! 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಬಡ್ತಿ ದೊರೆತಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಿದರೂ, ಆ ನಿಯಮಗಳ ಪಕ್ಷಪಾತವನ್ನು ನಿಷ್ಠುರವಾಗಿ ಖಂಡಿಸದೆ ಬಿಡಲಿಲ್ಲ. ಸಂಸಾರದ ಹೊಣೆಯು ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲವೆ ಎಂಬುದು ಅವರ ಸರಳವಾದ ತರ್ಕ. ಕಿರಿಯರೆದುರು ಆಕೆ ಕಳೆದುಕೊಂಡ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸಬೇಕೆಂದರು. ಮತ್ತೊಬ್ಬ ಹೆಂಗಸು ಅರ್ಜಿ ಹಿಡಿದು ಬರುವವರೆಗೂ ಕಾಯದೆ ಸೇವಾ ನಿಯಮಗಳಲ್ಲಿರುವ ಇಂಥ ಕಳಂಕವನ್ನೆಲ್ಲ ಸರ್ಕಾರವೇ ತೊಳೆಯಬೇಕೆಂದು ಬುದ್ಧಿವಾದವನ್ನೂ ಹೇಳಿದರು. ವಿವಾಹಿತೆಯರ ನೇಮಕಕ್ಕೆ ಅಡ್ಡವಾದ ಕಲಮು ಅಷ್ಟರಲ್ಲಿಯೇ ರದ್ದಾಗಿತ್ತು. ಇನ್ನೊಂದನ್ನೂ ತೆಗೆದುಹಾಕುವುದಾಗಿ ಸರ್ಕಾರವು ಕೋರ್ಟಿಗೆ ತಿಳಿಸಿತು.

ಅದೇ ಮಾರ್ಗದಲ್ಲಿ 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರನ್ನು ಮೊದಲ ಬಸಿರಿಗೇ ಕೆಲಸದಿಂದ ಕಳುಹಿಸುವ ನಿಯಮವು ಬಿದ್ದುಹೋಯಿತು. 2020ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳಿಗೆ ಖಾಯಂ ಕಮಿಷನ್ ನಿರಾಕರಿಸುವ ವಾದವೂ ಬಿದ್ದಿತು. ಇವೆಲ್ಲವೂ ಬಿದ್ದದ್ದು ಏಕೆ? ಬರವಣಿಗೆಯಲ್ಲಿದ್ದುದರಿಂದ. ಮುತ್ತಮ್ಮನವರ ಕೈಯಲ್ಲಿ ಒಂದು ಕಾಗದವಿತ್ತು; ನ್ಯಾಯಾಧೀಶರೆದುರು ಅದನ್ನು ಹರಡಿ ಅನ್ಯಾಯ ಇಂಥ ಪಂಕ್ತಿಯಲ್ಲಿದೆಯೆಂದು ತೋರಿಸಲು ಅವರಿಗೆ ಸಾಧ್ಯವಾಯಿತು. ನಮ್ಮ ಮಿತ್ರರ ಮಗಳ ಕೈಯಲ್ಲಿ ಏನಿದೆ? ಒಂದು ನಗು, ಒಂದು ಕುಶಲಪ್ರಶ್ನೆ. ಮುಚ್ಚಳಿಕೆಯು ಕಾಗದದಿಂದ ಅಳಿಸಿಹೋಗಿ ಸಂದರ್ಶಕರ ಮನಸ್ಸಿನಲ್ಲಿ ಉಳಿದುಕೊಂಡಿದೆ. ಅಲ್ಲಿಗೆ ಯಾವ ರಿಟ್ ಅರ್ಜಿಯೂ ತಲುಪುವುದಿಲ್ಲ.

ಪರರ ದೋಷವನ್ನು ಎತ್ತಿಯಾಡುವುದು ಪತ್ರಿಕೆಯವರಿಗೆ ಸುಲಭವಾದ ಕಸುಬು. ಆದ್ದರಿಂದ ನಮ್ಮ ಮನೆಯ ಮಾತನ್ನೇ ಹೇಳಿಬಿಡುತ್ತೇವೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಒಂದೇ ತಿಂಗಳಲ್ಲಿ ಇಬ್ಬರು ಉಪಸಂಪಾದಕರು ಬಂದರು, ಒಬ್ಬ ಯುವಕ, ಒಬ್ಬ ಯುವತಿ. ರಾತ್ರಿಪಾಳಿಯ ಪಟ್ಟಿಯನ್ನು ತಯಾರಿಸುವಾಗ ಆಕೆಯ ಹೆಸರನ್ನು ನಾವೇ ಬಿಟ್ಟೆವು. ಎರಡು ಗಂಟೆ ರಾತ್ರಿಯಲ್ಲಿ ಹೆಣ್ಣುಮಗಳು ಮನೆಗೆ ಹೋಗುವುದು ಹೇಗೆ ಎಂಬ ಕನಿಕರವೇ ಹೊರತು ನಮ್ಮಲ್ಲಿ ದುರುದ್ದೇಶವಿರಲಿಲ್ಲ. ಆಕೆಯನ್ನು ಕೇಳಿದೆವೋ? ಇಲ್ಲ. ಮೊದಲ ಪುಟದ ಸುದ್ದಿ ನಿಶ್ಚಯವಾಗುವುದು ರಾತ್ರಿಯಲ್ಲಿ. ಪುಟ ಕಟ್ಟುವ ವಿದ್ಯೆಯನ್ನು ಕಲಿಯುವುದೂ ಅಲ್ಲಿಯೇ. ಕಳೆದ ವರ್ಷ ಮುಖ್ಯ ಉಪಸಂಪಾದಕರ ಸ್ಥಾನವು ತೆರವಾದಾಗ ಆ ಯುವಕನಿಗೆ ಅದನ್ನು ಕೊಟ್ಟೆವು. ಆಕೆಯ ಭಾಷೆ ಅವನದಕ್ಕಿಂತ ಶುದ್ಧ, ವಿವೇಚನೆಯೂ ಹೆಚ್ಚು. ಆದರೂ "ರಾತ್ರಿಪಾಳಿಯ ಅನುಭವ ಸಾಲದಲ್ಲಮ್ಮಾ" ಎಂದು ಸಮಾಧಾನದ ಧ್ವನಿಯಲ್ಲಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ನಿಂತಿದ್ದು, "ಆ ಅನುಭವ ನನಗೆ ಬರದಂತೆ ಮಾಡಿದವರು ತಾವೇ ಅಲ್ಲವೇ ಸಾರ್?" ಎಂದಳು. ನಾವು ಸಂಪಾದಕೀಯ ಬರೆಯಲಿಕ್ಕಿದೆಯೆಂದು ಮಾತು ಮುಗಿಸಿದೆವು. ಅಂದಿನ ಸಂಪಾದಕೀಯ ಯಾವ ವಿಷಯದ ಮೇಲೆಂಬುದು ಈಗ ನೆನಪಿಲ್ಲ. ಆಕೆಯ ಪ್ರಶ್ನೆ ನೆನಪಿದೆ.

ಕನಿಕರದ ವೇಷದಲ್ಲಿ ಬರುವ ಈ ಅನ್ಯಾಯವೇ ಈಗ ಅಧಿಕ. ಪರಊರಿನ ತನಿಖೆಗೆ ಆಕೆಯನ್ನು ಕಳುಹಿಸುವುದು ಬೇಡ, ಮಗು ಚಿಕ್ಕದು. ಗುತ್ತಿಗೆದಾರರ ಎದುರಿಗೆ ಆಕೆಯನ್ನು ಕೂರಿಸುವುದು ಬೇಡ, ಅವರ ಮಾತು ಒರಟು. ಹೀಗೆ ಒಂದೊಂದನ್ನೇ ತಪ್ಪಿಸಿ, ಹತ್ತು ವರ್ಷಗಳಾದ ಮೇಲೆ ಆಕೆಯ ಸೇವಾ ಪುಸ್ತಕವನ್ನು ತೆರೆದು ಏನೂ ಇಲ್ಲವಲ್ಲ ಎನ್ನುತ್ತೇವೆ. ಗಂಡಸಿಗೆ ನಾಳೆ ಮಾಡಿಯಾನೆಂಬ ಭರವಸೆಯ ಮೇಲೆ ಹುದ್ದೆ. ಹೆಂಗಸಿಗೆ ಈಗಾಗಲೇ ಮಾಡಿ ತೋರಿಸಿದ್ದರೆ ಮಾತ್ರ. ಇದು ಹಳೆಯ ಚಾಳಿ. 1933ರಲ್ಲಿ ಮುಂಬಯಿಯಿಂದ ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾಗಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದ ಕಮಲಾ ಭಾಗವತರಿಗೆ, ಮುಂದೆ ಕಮಲಾ ಸೊಹೊನಿ ಎಂದು ಖ್ಯಾತರಾದವರಿಗೆ, ಸರ್ ಸಿ. ವಿ. ರಾಮನ್ ಅವರು ಹೆಂಗಸೆಂಬ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಿದ್ದರು. ಆಕೆ ಹಿಂದೆಗೆಯದಿದ್ದಾಗ, ಒಂದು ವರ್ಷ ಪರೀಕ್ಷಾರ್ಥವಾಗಿ, ಗಂಡಸರ ಏಕಾಗ್ರತೆ ಕೆಡದಂತೆ ನಡೆದುಕೊಳ್ಳಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ವರ್ಷ ಮುಗಿಯುವುದರೊಳಗೆ ಆಚಾರ್ಯರಿಗೆ ತೃಪ್ತಿಯಾಗಿ ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು. ಆಕೆ 1939ರಲ್ಲಿ ಕೇಂಬ್ರಿಜಿನ ಡಾಕ್ಟರೇಟ್ ಪಡೆದರು. ಅಂಥ ಮಹಾವಿಜ್ಞಾನಿಗೂ ಈ ವಿಷಯದಲ್ಲಿ ಕಣ್ಣು ಮಂಜಾಗಿದ್ದರೆ ನಮ್ಮನಿಮ್ಮಂಥವರ ಪಾಡೇನು!

ಉಪಕಾರಕ್ಕಾಗಿ ಮಾಡಿದ ಶಾಸನವೇ ಅಡ್ಡಬಂದಿರುವ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. 2017ರಲ್ಲಿ ಹೆರಿಗೆಯ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ಇದು ಸ್ತುತ್ಯವಾದ ಕ್ರಮ. ಆದರೆ ಆ ಅವಧಿಯ ವೇತನವನ್ನು ಭರಿಸತಕ್ಕವರಾರು? ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರಿಗೆ ವಿಮೆಯ ನಿಧಿಯಿಂದ ದೊರೆಯುತ್ತದೆ. 2017ರಲ್ಲಿ ಗೊತ್ತುಮಾಡಿದ ತಿಂಗಳಿಗೆ 21,000 ರೂಪಾಯಿಯ ಮಿತಿಯನ್ನು ಮೀರಿದ ಎಂಜಿನಿಯರು, ವಕೀಲೆ, ಲೆಕ್ಕಪರಿಶೋಧಕಿ ಮೊದಲಾದವರ ಪೂರ್ತಿ ಭಾರವು ಧಣಿಯ ಮೇಲೆಯೇ. ಆ ಭಾರವನ್ನು ಆತನು ನೇಮಕದ ದಿನವೇ ಮನಸ್ಸಿನಲ್ಲಿ ಲೆಕ್ಕಹಾಕುತ್ತಾನೆ. "ಮದುವೆಯ ಯೋಚನೆ ಇದೆಯೇ" ಎಂಬ ಪ್ರಶ್ನೆಯ ಹಿಂದಿರುವುದು ಬಹುಮಟ್ಟಿಗೆ ಈ ಲೆಕ್ಕವೇ. ಮಕ್ಕಳು ರಾಷ್ಟ್ರದ ಸಂಪತ್ತೆಂದು ವೇದಿಕೆಯ ಮೇಲೆ ಹೇಳುವ ನಾವು, ಅದರ ವೆಚ್ಚವನ್ನು ಗಂಡಸರನ್ನೂ ಹೆಂಗಸರನ್ನೂ ನೇಮಿಸಿಕೊಳ್ಳುವ ಎಲ್ಲ ಧಣಿಗಳ ಮೇಲೂ ಸರ್ಕಾರದ ಮೇಲೂ ಹಂಚುವ ವಿಮೆಯನ್ನು ಏಕೆ ವಿಸ್ತರಿಸಬಾರದು? ತಂದೆಗೂ ಕೆಲವು ವಾರಗಳ ರಜೆಯನ್ನು ಕಡ್ಡಾಯಮಾಡಿದರೆ ಆ ಲೆಕ್ಕವೇ ತಲೆಕೆಳಗಾದೀತು. ಮನೆಯೊಳಗಿನ ಲೆಕ್ಕವೂ ಸಣ್ಣದಲ್ಲ. ಸರ್ಕಾರದ 2024ರ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸಿದರೆ, ಪುರುಷರು ವ್ಯಯಿಸುವುದು 88 ನಿಮಿಷ. ಸಂಜೆ ಆರರ ಮೇಲೆ ಸಭೆ ಕರೆಯುವ ಮೇಲಧಿಕಾರಿಗಳು ಈ ಅಂಕಿಗಳನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಆ ತರುಣಿಯರಿಗೆ ನಾವು ಮಾಡಬಹುದಾದ ಸಹಾಯವೇನು? ಧೈರ್ಯವಾಗಿರಿ, ಹೊಂದಿಕೊಂಡು ಹೋಗಿರಿ ಎಂಬ ಉಪದೇಶ ಅವರಿಗೆ ಸಾಕಷ್ಟು ದೊರೆತಿದೆ. ನಮ್ಮ ಸಲಹೆಯು ಇಷ್ಟೇ: ಬಾಯಿಮಾತಿನಲ್ಲಿ ಅಡಗಿರುವುದನ್ನು ಬರವಣಿಗೆಗೆ ಎಳೆಯಿರಿ. ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ಅವನ್ನೇ ಕೇಳುವ ಪದ್ಧತಿಯಾದರೆ ಮದುವೆಯ ಪ್ರಶ್ನೆಗೆ ಜಾಗವೇ ಇರದು. ಅದನ್ನು ಬರೆಯಲು ಯಾರ ಕೈಯೂ ಏಳದು. ಹುದ್ದೆಯ ವೇತನವನ್ನು ಜಾಹೀರಾತಿನಲ್ಲಿಯೇ ಪ್ರಕಟಿಸಲಿ; ಹಿಂದಿನ ಸಂಬಳವೆಷ್ಟೆಂದು ಕೇಳಿ ಹಿಂದಿನ ಧಣಿಯ ಅನ್ಯಾಯವನ್ನೇ ಮುಂದುವರಿಸುವುದು ಬೇಡ. ಪರಊರಿನ ಕೆಲಸವನ್ನು ಸರದಿಯ ಪಟ್ಟಿಯಂತೆ ಹಂಚಲಿ. ಬೇಡವೆಂದು ಆಕೆ ಹೇಳಲಿ, ಆಕೆಯ ಪರವಾಗಿ ನಾವು ಹೇಳುವುದು ಬೇಡ. ಬಡ್ತಿ ತಪ್ಪಿದವಳು ಕಾರಣವನ್ನು ವಿನಯದಿಂದ, ಆದರೆ ಲಿಖಿತವಾಗಿ ಕೇಳಲಿ. ಉತ್ತರ ಬಾರದಿದ್ದರೆ ಆ ಮೌನಕ್ಕೂ ಒಂದು ತಾರೀಖು ಇರುತ್ತದೆ. ಟಿಪ್ಪಣಿ ಬರೆದವಳು ಆಕೆಯಾದರೆ ಕಡತದ ಮೇಲೆ ಆಕೆಯ ಹೆಸರಿರಲಿ.

ಕಿರುಕುಳದ ವಿಷಯದಲ್ಲಿ ಬರವಣಿಗೆಯ ಬೆಲೆ ಇನ್ನೂ ಹೆಚ್ಚು. 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ 2013ರ ಕಾಯಿದೆಯಂತೆ ಹತ್ತು ಜನರಿರುವ ಪ್ರತಿಯೊಂದು ಕಚೇರಿಯಲ್ಲಿಯೂ ಹಿರಿಯ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿಯಿರತಕ್ಕದ್ದು. ಅದರಲ್ಲಿ ಹೊರಗಿನವರೊಬ್ಬರು ಇರತಕ್ಕದ್ದು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು; ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು. ಸಣ್ಣ ಕಚೇರಿಗಳವರೂ, ಧಣಿಯ ಮೇಲೆಯೇ ದೂರುಳ್ಳವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕಾಯಿದೆಯಾಗಿ 11 ವರ್ಷಗಳಾದ ಮೇಲೂ, 2024ರ ಡಿಸೆಂಬರಿನಲ್ಲಿ, ಜಿಲ್ಲಾಧಿಕಾರವನ್ನೂ ಈ ಸಮಿತಿಗಳನ್ನೂ ಏರ್ಪಡಿಸಿರೆಂದು ಸುಪ್ರೀಂ ಕೋರ್ಟು ಗಡುವು ಕೊಟ್ಟು ಹೇಳಬೇಕಾಯಿತು. ಈ ಪತ್ರಿಕೆಯನ್ನು ಓದುವ ಅಧಿಕಾರಿ ಮಹಾಶಯರು ನಾಳೆ ಬೆಳಿಗ್ಗೆ ತಮ್ಮ ಕಚೇರಿಯ ಫಲಕದ ಮೇಲೆ ಸಮಿತಿಯ ಸದಸ್ಯರ ಹೆಸರುಗಳಿವೆಯೇ ಎಂದು ಒಮ್ಮೆ ನೋಡಬೇಕಾಗಿ ಪ್ರಾರ್ಥನೆ. ನಮ್ಮಲ್ಲಿ ಇರಲಿಲ್ಲ, ಈ ವಾರ ಹಚ್ಚಿದ್ದೇವೆ.

ಮಿತ್ರರ ಮಗಳು ಆ ಕಂಪನಿಗೆ ಪತ್ರ ಬರೆದಿದ್ದಾಳೆ. ಮದುವೆಯ ಪ್ರಶ್ನೆಯನ್ನು ಅಂದು ಬಂದಿದ್ದ ಗಂಡು ಅಭ್ಯರ್ಥಿಗಳಿಗೂ ಕೇಳಲಾಯಿತೇ ಎಂಬ ಒಂದೇ ಪಂಕ್ತಿ. ತಂದೆಯವರೇ ಕರಡು ತಿದ್ದಿಕೊಟ್ಟರಂತೆ. ಇನ್ನೂ ಉತ್ತರ ಬಂದಿಲ್ಲ. ನಮ್ಮ ಕಚೇರಿಯಲ್ಲಿ ಮುಂದಿನ ತಿಂಗಳ ರಾತ್ರಿಪಾಳಿಯ ಪಟ್ಟಿಯು ಎಲ್ಲರನ್ನೂ ಕೇಳಿದ ಬಳಿಕ ಸಿದ್ಧವಾಗಿದೆ. ಮನೆಗೆ ಮುಟ್ಟಿಸಲು ವಾಹನವನ್ನೂ ಗೊತ್ತುಮಾಡಿದ್ದೇವೆ. ಎರಡನೆಯ ವಾರದಲ್ಲಿ ಆಕೆಯ ಹೆಸರಿದೆ. ಪಟ್ಟಿಯನ್ನು ಓದಿ ಆಕೆ ಕೇಳಿದ್ದು ಒಂದೇ ಮಾತು: ಅದೇ ದಾರಿಯಲ್ಲಿರುವ ಇಬ್ಬರು ಹುಡುಗರನ್ನೂ ಆ ವಾಹನದಲ್ಲಿ ಕರೆದುಕೊಂಡು ಹೋಗಬಹುದೇ ಎಂದು.