ಮನೆಯಲ್ಲಿ ಕಟ್ಟಿದ ಕಾರು, ಕೈಗೆ ಒಗ್ಗದ ಸ್ಟಿಯರಿಂಗ್

ತನ್ನ ಕೈಯಾರೆ ಕಟ್ಟಿದ ವಸ್ತುವಿನಲ್ಲಿ ಮನುಷ್ಯನು ಕಾಣುವ ಸಂತೋಷವನ್ನು ಹಣ ತೆತ್ತು ಕೊಂಡ ವಸ್ತುವಿನಲ್ಲಿ ಕಾಣಲಾರನು. ಇಂಗ್ಲೆಂಡಿನಲ್ಲಿ ಈ ಸಂತೋಷಕ್ಕೆ ತೆರಿಗೆಯ ಲೆಕ್ಕಾಚಾರವೂ ಒಂದು ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆಯು ‘ಸೆವೆನ್’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಸಿದ್ಧವಾದ ಕಾರಿಗೆ ಅಲ್ಲಿ ಖರೀದಿ ತೆರಿಗೆಯಿತ್ತು; ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅದು ತಪ್ಪುತ್ತಿತ್ತು. 1973ರಲ್ಲಿ ಆ ತೆರಿಗೆಯೇ ರದ್ದಾಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರಮ್ ಸಂಸ್ಥೆಯ ಪಾಲಾಯಿತು. ಆದರೂ ಹವ್ಯಾಸ ಅಳಿಯಲಿಲ್ಲ. ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಭಾಗಗಳಿಂದ, ಕೇವಲ 250 ಪೌಂಡುಗಳಲ್ಲಿಯೂ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಸಾರಿದ ರಾನ್ ಚಾಂಪಿಯನ್ ಅವರ ಪುಸ್ತಕ 1996ರಲ್ಲಿ ಪ್ರಕಟವಾದ ಮೇಲೆ ಅದು ಇನ್ನಷ್ಟು ಮನೆಗಳನ್ನು ಹೊಕ್ಕಿತು.

ಇಂತಹ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಿ. ಎರಡು ವರ್ಷಗಳ ಭಾನುವಾರಗಳೆಲ್ಲ ಬೆಸುಗೆಯಲ್ಲಿ, ಬಣ್ಣದಲ್ಲಿ ಕಳೆದಿವೆ. ಕೊನೆಗೊಂದು ಬೆಳಿಗ್ಗೆ ಕಾರು ರಸ್ತೆಗಿಳಿಯುತ್ತದೆ. ಆದರೆ ತಿರುವಿನಲ್ಲಿ ತಿರುಗಿದ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವುದಿಲ್ಲ. ನೇರ ರಸ್ತೆಯಲ್ಲಿಯೂ ಕಾರು ಅತ್ತಿತ್ತ ಅಲೆಯುತ್ತದೆ. ಪಕ್ಕದ ಆಸನದಲ್ಲಿ ಕುಳಿತುಕೊಳ್ಳಲು ಮಗ ಕಾತರದಿಂದ ಕಾದಿದ್ದಾನೆ. ಅವನನ್ನು ಕೂರಿಸಿಕೊಳ್ಳುವುದೋ ಬೇಡವೋ ಎಂಬುದೇ ಈಗಿನ ಪ್ರಶ್ನೆ.

ಕಾರಣವನ್ನು ತಿಳಿಯಬೇಕಾದರೆ ಸೈಕಲನ್ನು ನೆನೆಯಬೇಕು. ಸೈಕಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುತ್ತದೆ. ಆ ವಾಲಿಕೆಯ ರೇಖೆಯನ್ನು ಕೆಳಗೆಳೆದರೆ ಅದು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ತುಸು ಹಿಂದೆ ಚಕ್ರವು ನೆಲವನ್ನು ಮುಟ್ಟುತ್ತದೆ. ಆದುದರಿಂದ ಚಲಿಸುವಾಗ ಚಕ್ರವು ನೇರವಾಗಲೆಳಸುತ್ತದೆ. ಕಾರಿನಲ್ಲಿ ಈ ವಾಲಿಕೆಗೆ ‘ಕ್ಯಾಸ್ಟರ್’ ಎಂದು ಹೆಸರು. ಮನೆಯಲ್ಲಿ ಕಟ್ಟಿದ ಕಾರಿನ ತೂಕ ಸುಮಾರು 500ರಿಂದ 600 ಕಿಲೋಗ್ರಾಂ ಮಾತ್ರ. ಅದರ ಮುಂಗಾಲಿಗಳ ಮೇಲೆ ಬೀಳುವ ಭಾರವೂ ಅಲ್ಪ. ನಡುವಿಗೆ ಮರಳಿಸುವ ಬಲವೂ ಅಲ್ಪ. ಅದಕ್ಕಾಗಿಯೇ ಇಂತಹ ಕಾರುಗಳಿಗೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿಗಳಷ್ಟು ಕ್ಯಾಸ್ಟರ್ ಇಡುತ್ತಾರೆ. ಅದು ಅತಿಯಾದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ.

ಹಾಗೆಂದು ಮೊದಲು ಅಲ್ಲಿಗೇ ಕೈಹಾಕಬಾರದು. ನಾಡಿ ನೋಡದೆ ಔಷಧ ಕೊಡುವವನು ವೈದ್ಯನಲ್ಲ. ತಾಳೆಯಾಗದ ಲೆಕ್ಕದಲ್ಲಿ ಮೊದಲು ಕೂಡಿದ ಮೊತ್ತವನ್ನು ನೋಡಿ, ಬಳಿಕ ದಾಖಲೆಗಳಿಗೆ ಇಳಿಯುವಂತೆ, ಇಲ್ಲಿಯೂ ಸುಲಭವಾದದ್ದರಿಂದ ಕಠಿಣವಾದದ್ದಕ್ಕೆ ಸಾಗಬೇಕು.

ಮೊದಲನೆಯದು ಟೈರಿನ ಗಾಳಿ. ಭಾರವಾದ ಹಳೆಯ ಕಾರಿಗೆ ಹೇಳಿದ ಒತ್ತಡವನ್ನೇ ಹಗುರವಾದ ಕಾರಿಗೂ ತುಂಬಿದರೆ ಟೈರು ನೆಲವನ್ನು ಸರಿಯಾಗಿ ಹಿಡಿಯದು. ಇಂತಹ ಕಾರುಗಳಿಗೆ ಅನೇಕ ವೇಳೆ ಚದರ ಅಂಗುಲಕ್ಕೆ 18ರಿಂದ 20 ಪೌಂಡ್ ಸಾಕಾಗುತ್ತದೆ.

ಎರಡನೆಯದು ಸಡಿಲಿಕೆ, ಅಂದರೆ ಮೆಕ್ಯಾನಿಕರು ‘ಪ್ಲೇ’ ಎನ್ನುವುದು. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಬೇಕು. ಟೈ ರಾಡ್ ಮತ್ತು ರ‍್ಯಾಕುಗಳ ಸಡಿಲಿಕೆ ತಿಳಿಯುತ್ತದೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗ್ ಮತ್ತು ಬಾಲ್ ಜಾಯಿಂಟುಗಳ ಸ್ಥಿತಿ ಗೊತ್ತಾಗುತ್ತದೆ.

ಮೂರನೆಯದು ಬಿಗಿತ. ಟೈ ರಾಡುಗಳ ತುದಿಗಳನ್ನು ಚಕ್ರದ ಕಡೆಯಿಂದ ಬಿಡಿಸಿ ಸ್ಟಿಯರಿಂಗನ್ನು ತಿರುಗಿಸಬೇಕು. ಆಗಲೂ ಬಿಗಿಯಾಗಿದ್ದರೆ ದೋಷವಿರುವುದು ಸ್ಟಿಯರಿಂಗ್ ಕಂಬದಲ್ಲಿ ಅಥವಾ ರ‍್ಯಾಕಿನಲ್ಲಿ. ಹಗುರವಾದರೆ ಚಕ್ರದ ಕಡೆಯ ಕೀಲುಗಳಲ್ಲಿ. ಹೀಗೆ ಒಂದೇ ಪರೀಕ್ಷೆಯಿಂದ ಅರ್ಧ ಸಂದೇಹ ನಿವಾರಣೆಯಾಗುತ್ತದೆ. ಒಂದು ಸುತ್ತಿನಲ್ಲಿ ಸ್ಟಿಯರಿಂಗ್ ಎರಡು ಬಾರಿ ಬಿಗಿದು ಎರಡು ಬಾರಿ ಸಡಿಲಿದರೆ, ಕಂಬದಲ್ಲಿನ ಯೂನಿವರ್ಸಲ್ ಜಾಯಿಂಟುಗಳು ಒಂದಕ್ಕೊಂದು ಹೊಂದಿಕೊಂಡಿಲ್ಲವೆಂದು ಶಂಕಿಸಬೇಕು.

ನಾಲ್ಕನೆಯದು ಅಲೈನ್‌ಮೆಂಟ್. ಮುಂಗಾಲಿಗಳು ಮುಂಭಾಗದಲ್ಲಿ ಒಂದರಿಂದೊಂದು ದೂರ ಸರಿದಿದ್ದರೆ ಕಾರು ನೇರ ರಸ್ತೆಯಲ್ಲಿ ಅಲೆದಾಡುತ್ತದೆ. ಕೂದಲೆಳೆಯಷ್ಟು ಒಳಮುಖವಾಗಿದ್ದರೆ ನೆಮ್ಮದಿ. ಕ್ಯಾಸ್ಟರನ್ನು ಅಳೆದು ಎರಡೂ ಬದಿಗಳು ಸಮನಾಗಿವೆಯೇ ಎಂದು ನೋಡುವುದು ಈಗ.

ಐದನೆಯದು ಸೂಕ್ಷ್ಮವಾದದ್ದು. ಗುಂಡಿಗಳ ಮೇಲೆ ಹಾಯ್ದಾಗ ಸ್ಟಿಯರಿಂಗ್ ತಾನೇ ಜಗ್ಗಿದರೆ, ಚಕ್ರದ ಏರಿಳಿತಕ್ಕೆ ಟೈ ರಾಡಿನ ಏರಿಳಿತ ಹೊಂದುತ್ತಿಲ್ಲವೆಂದರ್ಥ. ಸ್ಪ್ರಿಂಗನ್ನು ತೆಗೆದು, ಚಕ್ರವನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸಿ, ಅದು ಎಷ್ಟು ಓರೆಯಾಗುತ್ತದೆಂದು ಅಳೆಯಬೇಕು. ರ‍್ಯಾಕಿನ ಎತ್ತರವನ್ನು ತೆಳು ಬಿಲ್ಲೆಗಳಿಂದ ಏರಿಸಿ ಇಳಿಸಿ ತಿದ್ದಬಹುದು.

ಇಷ್ಟರಲ್ಲೆಲ್ಲ ಒಂದು ನಿಯಮ ಮುಖ್ಯ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಮ್ಮೆಗೇ ತಿದ್ದಿದವನಿಗೆ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ಪ್ರತಿಯೊಂದು ಅಳತೆಯನ್ನೂ ಬರೆದಿಟ್ಟು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಓಡಿಸಿ ನೋಡಬೇಕು. ತೆಗೆದ ಪಿನ್ನುಗಳಿಗೆ, ನೈಲಾನ್ ಬಿಗಿತದ ನಟ್ಟುಗಳಿಗೆ ಬದಲು ಹೊಸವನ್ನೇ ಹಾಕಬೇಕು.

ಬ್ರಿಟನ್ನಿನಲ್ಲಿ ಇಂತಹ ಕಾರುಗಳು ರಸ್ತೆಗೆ ಬರುವ ಮುನ್ನ ಸರ್ಕಾರಿ ಪರೀಕ್ಷೆಗೆ ಒಳಪಡಬೇಕಾಗಿದೆ. ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವ ಪ್ರವೃತ್ತಿಯುಳ್ಳದ್ದೇ ಎಂದು ಅಲ್ಲಿ ನೋಡುತ್ತಾರೆ. ಪರೀಕ್ಷೆಯ ದಿನದ ಮಟ್ಟಿಗೆ ದೋಷವನ್ನು ಮರೆಮಾಚುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಪರೀಕ್ಷಕನು ಒಂದು ದಿನದ ಅತಿಥಿ. ರಸ್ತೆಯಾದರೋ ಪ್ರತಿದಿನದ ಪರೀಕ್ಷಕ.

ಮುಂಬಯಿಯಲ್ಲೋ ದೆಹಲಿಯಲ್ಲೋ ಕಾರ್ಖಾನೆಯ ಕಾರನ್ನೇ ಓಡಿಸುವವರಿಗೂ ಈ ಮಾತು ಸಲ್ಲುತ್ತದೆ. ಸ್ಟಿಯರಿಂಗ್ ಒಂದು ಬದಿಗೆ ಎಳೆದರೆ, ಸಡಿಲಾದರೆ, ಇದ್ದಕ್ಕಿದ್ದಂತೆ ಬಿಗಿದರೆ ‘ನಾಳೆ ನೋಡೋಣ’ ಎನ್ನಬಾರದು. ಮೊದಲು ಗಾಳಿಯನ್ನು ನೋಡಿಕೊಂಡು, ದೋಷ ಉಳಿದರೆ ನುರಿತವರಿಗೆ ತೋರಿಸಬೇಕು.

ಆ ಗೃಹಸ್ಥನ ಮಗನೂ ಕೊಂಚ ಕಾಯಲಿ. ಅಳತೆಗಳೆಲ್ಲ ತಾಳೆಯಾಗಿ, ನುರಿತ ಮತ್ತೊಂದು ಕಣ್ಣು ಪ್ರತಿಯೊಂದು ನಟ್ಟನ್ನೂ ನೋಡಿ ಒಪ್ಪಿದ ದಿನ ಅವನು ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳಲಿ. ಎರಡು ವರ್ಷ ಕಾದವನಿಗೆ ಇನ್ನೆರಡು ಭಾನುವಾರ ಹೆಚ್ಚಲ್ಲ.