ಪಾಡ್‌ಕಾಸ್ಟ್ ಬರಹರೂಪ: ಗಡಗಡಿ ತಿರುಗ್ತದ, ಲೆಕ್ಕ ಯಾಕ ತಲಿಗೆ ಹತ್ತವಲ್ದು?

ಇವತ್ತಿನ ಸಂಚಿಕೆ ಪಿಯುಸಿ ಮೊದಲ ವರ್ಷದ ಸೈನ್ಸ್ ಹುಡುಗರಿಗೆ. ಅವರಿಗೆ ಮನಿಯಾಗ ಲೆಕ್ಕ ಹೇಳಿಕೊಡೋ ಅಕ್ಕ-ಅಣ್ಣಂದಿರೂ ಕೇಳ್ರಿ.

ಶಲವಡಿ ಕಡೆಯ ಹುಡುಗರು ವಾಟ್ಸ್‌ಆ್ಯಪ್‌ನಾಗ ಹೋಮ್‌ವರ್ಕಿನ ಫೋಟೋ ಕಳಿಸಿ, "ಸರ್, ಇದರ ಆನ್ಸರ್ ಹೇಳ್ರಿ" ಅಂತಾರ. ಹೆಚ್ಚಿನವು ರೊಟೇಷನಲ್ ಮೋಷನ್, ಅಂದರೆ ತಿರುಗುವ ವಸ್ತುಗಳ ಲೆಕ್ಕ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಾಗ ಓದಿದವರಿಗೆ ಟಾರ್ಕ್, ಮೊಮೆಂಟ್ ಆಫ್ ಇನರ್ಷಿಯಾ ಅನ್ನೋ ಶಬ್ದಗಳೇ ಮೊದಲು ಹೆದರಿಸ್ತಾವ. ಉತ್ತರ ಕೊಟ್ಟರ ಆ ದಿನದ ಹೋಮ್‌ವರ್ಕ್ ಮುಗೀತದ, ಖರೆ. ಆದರೆ ಸಿಇಟಿಯ ಭೌತಶಾಸ್ತ್ರದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಅಂಕಿ ಬದಲಾಗಿರ್ತಾವ, ಹೇಳಿಕೊಡೋರು ಯಾರೂ ಇರೂದಿಲ್ಲ.

ಒಂದು ಲೆಕ್ಕ ಹಿಡಿಯೋಣ. ಬಾವಿ ಮ್ಯಾಲೆ 10 ಕೆ.ಜಿ.ಯ ಗಟ್ಟಿ ದುಂಡನೆಯ ಗಡಗಡಿ ಅದ. ಅದಕ್ಕ ಹಗ್ಗ ಸುತ್ತಿ, ತುದಿಗೆ 5 ಕೆ.ಜಿ.ಯ ಕೊಡ ಕಟ್ಟಿ ಬಿಟ್ಟೀವಿ. ಹಗ್ಗಕ್ಕ ತೂಕ ಇಲ್ಲ, ಅದು ಜಾರೂದಿಲ್ಲ, ಅಚ್ಚಿನಲ್ಲಿ ಘರ್ಷಣೆ ಇಲ್ಲ ಅಂತ ಇಟ್ಕೊಳ್ರಿ. ಗುರುತ್ವದ ವೇಗೋತ್ಕರ್ಷ 10. ಕೊಡ ಎಷ್ಟು ವೇಗೋತ್ಕರ್ಷದಿಂದ ಇಳೀತದ?

ಬಹಳ ಮಂದಿ ಹಗ್ಗದ ಬಿಗಿತ 50 ನ್ಯೂಟನ್ ಅಂತ ಬರೀತಾರ, ಯಾಕಂದ್ರ ಕೊಡದ ತೂಕ 50. ಹಂಗಾದ್ರ ಮ್ಯಾಲಕ್ಕೂ 50, ಕೆಳಕ್ಕೂ 50. ಕೊಡ ಇದ್ದಲ್ಲೇ ನಿಲ್ಲಬೇಕಿತ್ತು. ಅದು ವೇಗ ಹೆಚ್ಚಿಸಿಕೊಂಡು ಇಳೀಲಿಕತ್ತದ ಅಂದರೆ ಬಿಗಿತ 50ಕ್ಕಿಂತ ಕಡಿಮೆ ಇರಲೇಬೇಕು.

ಈಗ ಮೂರು ಸಾಲು ಬರೀರಿ.

ಒಂದು, ಕೊಡದ ಸಾಲು: 50ರಲ್ಲಿ ಬಿಗಿತ ಕಳೆದರೆ 5 ಗುಣಿಸು ವೇಗೋತ್ಕರ್ಷ.

ಎರಡು, ಗಡಗಡಿಯ ಸಾಲು: ಬಿಗಿತ ಗುಣಿಸು ತ್ರಿಜ್ಯ, ಇದು ಟಾರ್ಕ್. ಇದು ಮೊಮೆಂಟ್ ಆಫ್ ಇನರ್ಷಿಯಾ ಗುಣಿಸು ಕೋನೀಯ ವೇಗೋತ್ಕರ್ಷಕ್ಕೆ ಸಮ. ಗಟ್ಟಿ ಗಡಗಡಿಗೆ ಮೊಮೆಂಟ್ ಆಫ್ ಇನರ್ಷಿಯಾ ಅಂದರೆ ದ್ರವ್ಯರಾಶಿ ಗುಣಿಸು ತ್ರಿಜ್ಯದ ವರ್ಗ, ಅದರ ಅರ್ಧ.

ಮೂರು, ಎರಡನ್ನೂ ಜೋಡಿಸೋ ಸಾಲು: ಕೊಡದ ವೇಗೋತ್ಕರ್ಷ ಅಂದರೆ ತ್ರಿಜ್ಯ ಗುಣಿಸು ಕೋನೀಯ ವೇಗೋತ್ಕರ್ಷ.

ಮೂರನೇದನ್ನ ಎರಡನೇದರಾಗ ಹಾಕಿದ್ರ ತ್ರಿಜ್ಯ ಎರಡೂ ಕಡೆ ಹೊಡೆದು ಹೋಗ್ತದ. ಪ್ರಶ್ನೆಯಾಗ ತ್ರಿಜ್ಯ ಕೊಟ್ಟಿಲ್ಲಂತ ಗಾಬರಿ ಆಗಬ್ಯಾಡ್ರಿ. ಉಳಿಯೋದು: ಬಿಗಿತ ಅಂದರೆ 5 ಗುಣಿಸು ವೇಗೋತ್ಕರ್ಷ. ಇದನ್ನ ಮೊದಲನೇ ಸಾಲಿಗೆ ಹಾಕಿದ್ರ ವೇಗೋತ್ಕರ್ಷ 5, ಬಿಗಿತ 25 ನ್ಯೂಟನ್. 50ಕ್ಕಿಂತ ಕಡಿಮೆ, ಸರಿ ಬಂತು.

ಈಗ ಅದೇ 10 ಕೆ.ಜಿ. ಎಲ್ಲಾ ಅಂಚಿನಲ್ಲೇ ಇರೋ ಬಳೆಯಂಥ ಗಾಲಿ ಇದ್ದರ? ಆ ಅರ್ಧ ಹೋಗ್ತದ, ವೇಗೋತ್ಕರ್ಷ ಸುಮಾರು 3.3ಕ್ಕೆ ಇಳೀತದ. ತೂಕ ಅಷ್ಟೇ, ಆದರೆ ಅದು ನಡುವಿನಿಂದ ದೂರ ಕುಂತದ. ದೂರ ಇದ್ದ ಭಾಗ ಒಂದು ಸುತ್ತಿಗೆ ಹೆಚ್ಚು ದಾರಿ ಓಡಬೇಕು, ಅದನ್ನ ತಿರುಗಿಸೋದು ಕಷ್ಟ. ಮೊಮೆಂಟ್ ಆಫ್ ಇನರ್ಷಿಯಾ ಅಂದರೆ ಇಷ್ಟೇ ನೋಡ್ರಿ. ಟಾರ್ಕ್ ತಿಳೀಬೇಕಂದ್ರ ಮನಿಯಾಗಿನ ಬೀಸುಕಲ್ಲು ನೋಡ್ರಿ: ಗೂಟ ನಡುವಿಲ್ಲ, ಅಂಚಿಗೆ ಅದ. ದೂರ ಹಿಡಿದಷ್ಟು ತಿರುಗಿಸೋದು ಹಗುರ.

ಹೇಳಿಕೊಡೋರಿಗೆ ಒಂದು ಮಾತು: ಉತ್ತರ ಕಳಿಸಬ್ಯಾಡ್ರಿ. ಯಾವುದು ಇಳೀತದ, ಯಾವುದು ತಿರುಗ್ತದ, ಎರಡನ್ನೂ ಏನು ಜೋಡಿಸ್ಯದ ಅಂತ ಕೇಳ್ರಿ.

ಹುಡುಗರಿಗೆ ಇವತ್ತಿನ ಕೆಲಸ: ಗಡಗಡಿ ಅದೇ, ಕೊಡ 15 ಕೆ.ಜಿ. ನನಗ ಬರೇ ಉತ್ತರ ಬ್ಯಾಡ, ಆ ಮೂರು ಸಾಲು ಕಳಿಸ್ರಿ.