ಬೆಟ್ಟದ ಮನೆಯಲ್ಲಿ ಕೃತಜ್ಞತಾಸ್ತುತಿಯ ಹಬ್ಬ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರವು ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತಾಸ್ತುತಿಯ ಹಬ್ಬವಾಗಿರುವದು. ಅಧ್ಯಕ್ಷ ಲಿಂಕನರು 1863ರಲ್ಲಿ ಇದನ್ನು ದೇಶಕ್ಕೆಲ್ಲ ಸಾರಿದರು; ನಾಲ್ಕನೆಯ ಗುರುವಾರವೆಂಬ ಕಾನೂನು 1941ರಲ್ಲಾಯಿತು. ಆ ದೇಶದಲ್ಲಿ ಸಂಸಾರ ಹೂಡಿರುವ ಹೆಣ್ಣುಮಕ್ಕಳು ತಮ್ಮ ತಾಯ್ತಂದೆಗಳನ್ನು ಈ ರಜೆಯಲ್ಲಿ ವರ್ಜೀನಿಯದ ಬ್ಲೂ ರಿಜ್ ಬೆಟ್ಟಗಳ ಬಾಡಿಗೆಯ ಮನೆಗೆ ಕರೆದೊಯ್ಯುವದುಂಟು. ಆದಕಾರಣ ಅದರ ಏರ್ಪಾಡನ್ನು ಕುರಿತು ನಾಲ್ಕು ಮಾತು ಹೇಳುವೆವು.

ಮೊದಲನೆಯ ಕಷ್ಟವು ಬೆಟ್ಟದ್ದಲ್ಲ, ಕೋಳಿಯದು! ಹಬ್ಬದೂಟಕ್ಕೆ ಟರ್ಕಿಕೋಳಿಯು ಬೇಕಷ್ಟೆ. ಮಂಜುಗಟ್ಟಿದ 15 ಪೌಂಡಿನ ಕೋಳಿಯು ರೆಫ್ರಿಜರೇಟರಿನಲ್ಲಿ ಸಡಿಲವಾಗುವದಕ್ಕೆ, ನಾಲ್ಕೈದು ಪೌಂಡಿಗೆ ಒಂದು ದಿನದಂತೆ, ಮೂರು ನಾಲ್ಕು ದಿವಸ ಹಿಡಿಯುವದು. ಬುಧವಾರ ರಾತ್ರಿ ಬೆಟ್ಟವನ್ನು ಸೇರಿದ ಮೇಲೆ ಇದನ್ನು ನೆನೆದುಕೊಂಡವಳು ಪೌಂಡಿಗೆ ಅರ್ಧ ತಾಸಿನಂತೆ ಏಳೂವರೆ ತಾಸು ಅದನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು, ಅರ್ಧ ತಾಸಿಗೊಮ್ಮೆ ನೀರು ಬದಲಾಯಿಸುತ್ತ ಕೂಡ್ರಬೇಕು. ಉಳಿದವರು ಬೆಟ್ಟ ನೋಡುವರು. ಅವಳು ಬೋಗುಣಿಯನ್ನು ನೋಡುವಳು. ಈ ಅನ್ಯಾಯವು ಕೂಡದು. ಆದಿತ್ಯವಾರವೇ ಮನೆಯಲ್ಲಿ ಕೋಳಿಯನ್ನು ಸಡಿಲಿಸಲಿಕ್ಕಿಟ್ಟು, ತಣ್ಣಗಿನ ಪೆಟ್ಟಿಗೆಯಲ್ಲಿ ಒಯ್ಯತಕ್ಕದ್ದು. ಬಾಡಿಗೆಯ ಮನೆಯ ಓವನಿನಲ್ಲಿ ಅದು ಹಿಡಿಸುವದೋ ಎಂದು ಮುಂದಾಗಿಯೇ ವಿಚಾರಿಸಬೇಕು.

ಎಲೆಗಳ ಕೆಂಪುಬಣ್ಣವನ್ನು ನಿರೀಕ್ಷಿಸಬಾರದು; ಅದು ಅಕ್ಟೋಬರಿನ ವೈಭವ. ಆದರೆ ಬರಿಗೊಂಬೆಗಳ ನಡುವೆ ಶೆನಂಡೋವಾ ಕಣಿವೆಯು ಇನ್ನೂ ಚೆನ್ನಾಗಿ ಕಾಣುವದು. ಬೆಟ್ಟದ ನೆತ್ತಿಯ ಮೇಲಣ ಸ್ಕೈಲೈನ್ ಡ್ರೈವ್ ರಸ್ತೆಯು 105 ಮೈಲು ಉದ್ದವುಳ್ಳದ್ದು. ತಾಸಿಗೆ 35 ಮೈಲಿಗಿಂತ ವೇಗವಾಗಿ ಹೋಗಗೊಡರು. ಸೂರ್ಯನೋ ಐದು ಗಂಟೆಯ ಸುಮಾರಿಗೆ ಮುಳುಗುವನು. ಹಿಮ ಬಿದ್ದರೆ ರಸ್ತೆಯನ್ನೇ ಮುಚ್ಚುವರು. ಆದುದರಿಂದ ವೃದ್ಧರನ್ನು ಕರೆದೊಯ್ಯುವವರು ಬೆಳಿಗ್ಗೆಯೇ ಹೊರಟು, ಊಟಕ್ಕೆ ಮುಂಚೆ ಹಿಂದಿರುಗುವದು ಲೇಸು.